ಬಳ್ಳಾರಿ ಬಯಲಲ್ಲಿ ಒಂದು ದಿನದ ಹಿಪ್ ಹಾಪ್ ಹಬ್ಬ: ಮಾತು ಎಲ್ಲಿ ಕೇಳಿಸಿತು, ಎಲ್ಲಿ ಕಳೆದುಹೋಯಿತು

ರ್ಯಾಪ್ ಕೇಳಲು ಹೋದವರಿಗೆ ಮೊದಲು ಮಾತು ಕೇಳಿಸಬೇಕು. ಫೆಬ್ರುವರಿ ಕೊನೆಯ ಭಾನುವಾರ ಬಳ್ಳಾರಿ ಊರಾಚೆ, ಹೊಸಪೇಟೆ ರಸ್ತೆ ಕಡೆಯ ಬಯಲಲ್ಲಿ ಬೆಳಗ್ಗೆ 11ರಿಂದ ರಾತ್ರಿ 10ರವರೆಗೆ ನಡೆದ ಹಿಪ್ ಹಾಪ್ (ರ್ಯಾಪ್, ಡಿಜೆ, ಬ್ರೇಕಿಂಗ್ ಕುಣಿತ, ಗೋಡೆ ಚಿತ್ರ ಸೇರಿದ ಕಲೆ) ಹಬ್ಬವನ್ನು ಮುಖ್ಯವಾಗಿ ಈ ಕೋಲಿನಿಂದಲೇ ಅಳೆದಿದ್ದೇವೆ. ಹಾಡುವವರ ಆಯ್ಕೆ, ಬ್ರೇಕಿಂಗ್ ನೆಲ, ಕುಡಿಯುವ ನೀರು ಈ ಮೂರಕ್ಕೂ ಪೂರ್ತಿ ಅಂಕ. ಮಧ್ಯಾಹ್ನದ ಸೌಂಡಿಗೆ ಅರ್ಧವೂ ಇಲ್ಲ. ಸಂಜೆ ಐದರ ನಂತರದ ಸೌಂಡಿಗೆ ಒಳ್ಳೆಯ ಅಂಕ. ಒಟ್ಟು ಐದಕ್ಕೆ ಮೂರೂವರೆ. ಮುಂದಿನ ಸಲ ಜೊತೆಗೊಬ್ಬ ದೋಸ್ತನನ್ನು ಕರೆದುಕೊಂಡು ಹೋಗುವವರಿಗೂ, ಇಂಥದ್ದೇ ಹಬ್ಬವನ್ನು ರಾಯಚೂರು, ಕೊಪ್ಪಳದಲ್ಲಿ ಮಾಡಲು ಹೊರಟವರಿಗೂ ಬೇಕಾಗುವ ವಿವರ ಇಲ್ಲಿದೆ.

ಸೌಂಡಿನಿಂದಲೇ ಶುರು ಮಾಡೋಣ. ವೇದಿಕೆಯ ಎರಡೂ ಬದಿ ಮೇನ್ ಸ್ಪೀಕರ್. ಅಲ್ಲಿಂದ ಸುಮಾರು 60 ಮೀಟರ್ ಹಿಂದೆ, ಹಿಂದಿನ ಜನರಿಗಾಗಿ ಕಂಬಕ್ಕೆ ಕಟ್ಟಿದ ಇನ್ನೊಂದು ಜೋಡಿ. ಹಿಂದೆ ಸ್ಪೀಕರ್ ಹಾಕಿದ್ದು ಸರಿಯೇ. ಬಯಲಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಮುಂದಿನ ಸ್ಪೀಕರನ್ನೇ ಜೋರು ಮಾಡಿ ಹಿಂದಿನವರಿಗೆ ಮುಟ್ಟಿಸಲು ಹೋದರೆ ಮುಂದೆ ನಿಂತವರ ಕಿವಿ ಹೋಗುತ್ತದೆ. ಆದರೆ ಹಿಂದಿನ ಜೋಡಿಗೆ ಡಿಲೇ (ಸದ್ದನ್ನು ತುಸು ತಡೆದು ಬಿಡುವ ವ್ಯವಸ್ಥೆ) ಕೊಡಬೇಕು, ಮಧ್ಯಾಹ್ನ ಅದನ್ನು ಕೊಟ್ಟಿರಲಿಲ್ಲ. 34 ಡಿಗ್ರಿ ಬಿಸಿಲಲ್ಲಿ ಸದ್ದು ಸೆಕೆಂಡಿಗೆ ಸುಮಾರು 352 ಮೀಟರ್ ಓಡುತ್ತದೆ. 60 ಮೀಟರ್ ದಾಟಲು ಅದಕ್ಕೆ 170 ಮಿಲಿಸೆಕೆಂಡ್ ಬೇಕು. ಕಂಬದ ಸ್ಪೀಕರಿಗೆ ತಂತಿಯಲ್ಲಿ ಬರುವ ಸಿಗ್ನಲ್ ಆ ಕ್ಷಣವೇ ಮುಟ್ಟುತ್ತದೆ. ಹೀಗಾಗಿ ಅಲ್ಲಿ ನಿಂತವರಿಗೆ ಕಂಬದ ಮಾತು ಮೊದಲು, ವೇದಿಕೆಯ ಅದೇ ಮಾತು 170 ಮಿಲಿಸೆಕೆಂಡ್ ತಡವಾಗಿ ಕೇಳುತ್ತದೆ.

ಇದು ಭಜನೆಗೋ ಭಾವಗೀತೆಗೋ ಅಷ್ಟು ತೊಂದರೆ ಕೊಡದೇ ಇರಬಹುದು, ರ್ಯಾಪನ್ನು ಮಾತ್ರ ಕೊಂದುಹಾಕುತ್ತದೆ. ಲೆಕ್ಕ ನೋಡಿ: ನಿಮಿಷಕ್ಕೆ 90 ಬೀಟ್ ವೇಗದ ಹಾಡಿನಲ್ಲಿ ಒಂದು ಬೀಟಿಗೆ 667 ಮಿಲಿಸೆಕೆಂಡ್, ಅದರ ಕಾಲು ಭಾಗ 167. ವೇಗವಾಗಿ ಹಾಡುವವರು ಈ ಕಾಲು ಭಾಗಕ್ಕೆ ಒಂದು ಅಕ್ಷರ ಕೂರಿಸುತ್ತಾರೆ. ಅಂದರೆ ತಡವಾಗಿ ಬಂದ ಪ್ರತಿ ಅಕ್ಷರವೂ ಸರಿಯಾಗಿ ಮುಂದಿನ ಅಕ್ಷರದ ತಲೆ ಮೇಲೆ ಬಂದು ಕೂತಿತು. ಹಿಂದಿದ್ದ ಅರ್ಧ ಜನ ಮೂರು ಗಂಟೆ ಹೊತ್ತು ಬರೀ ಗದ್ದಲ ಕೇಳಿದರು. ಸಂಜೆ ಯಾರೋ ತಿಳಿದವರು ಸದ್ದು ಹೊಂದಿಸುವ ಮಿಕ್ಸರ್ ಮುಂದೆ ಕೂತು ಡಿಲೇ ಹೊಂದಿಸಿದ ಮೇಲೆ ಅದೇ ಜಾಗದಲ್ಲಿ ಮಾತು ಬಿಡಿಬಿಡಿಯಾಗಿ ಕೇಳಿಸಿತು. ಡಿಜಿಟಲ್ ಮಿಕ್ಸರಿನಲ್ಲಿ ಇದು ಎರಡು ನಿಮಿಷದ ಕೆಲಸ: ಟೇಪಿನಿಂದ ದೂರ ಅಳೆಯಿರಿ, ಮೀಟರನ್ನು 0.352ರಿಂದ ಭಾಗಿಸಿ, ಬಂದ ಮಿಲಿಸೆಕೆಂಡಿಗೆ ಇನ್ನೊಂದು 10 ಸೇರಿಸಿ. ಆ ಹತ್ತು ಸೇರಿಸಿದರೆ ಸದ್ದು ವೇದಿಕೆಯಿಂದಲೇ ಬಂದಂತೆ ಕಿವಿಗೆ ಅನಿಸುತ್ತದೆ. ರಾತ್ರಿ ತಂಪಾದಾಗ ಗಾಳಿಯಲ್ಲಿ ಸದ್ದಿನ ವೇಗ ತುಸು ಇಳಿಯುತ್ತದೆ, ಆದರೆ 60 ಮೀಟರಿಗೆ ಆ ವ್ಯತ್ಯಾಸ ಐದು ಮಿಲಿಸೆಕೆಂಡಿನ ಆಸುಪಾಸು; ತಲೆ ಕೆಡಿಸಿಕೊಳ್ಳಬೇಕಿಲ್ಲ.

ಬೇಸ್, ಅಂದರೆ ತಗ್ಗಿನ ಸ್ವರದ ಬಗ್ಗೆಯೂ ಹೇಳಲೇಬೇಕು. ತಂದಿದ್ದು ಮೆರವಣಿಗೆಗೆ ಕೊಡುವ ಡಿಜೆ ಸೆಟ್. ಆ ಬಾಕ್ಸ್‌ಗಳು ಸಾಮಾನ್ಯವಾಗಿ 60 ಹರ್ಟ್ಸ್‌ಗಿಂತ (ಈ ಅಂಕಿ ಇಳಿದಷ್ಟೂ ಸ್ವರ ತಗ್ಗು) ಮೇಲೆ ಎದೆಗೆ ಗುದ್ದುವಂತೆ ಕಟ್ಟಿದವು. 1980ರಲ್ಲಿ ಬಂದ ರೋಲ್ಯಾಂಡ್ ಟಿಆರ್-808 ಡ್ರಮ್ ಮಷೀನಿನಿಂದ ಹುಟ್ಟಿದ ಉದ್ದನೆಯ ಬೇಸ್ ಇಂದಿನ ಟ್ರ್ಯಾಪ್ ಎಂಬ ಬಗೆಯ ರ್ಯಾಪ್ ಹಾಡುಗಳಲ್ಲಿ 40ರಿಂದ 50 ಹರ್ಟ್ಸ್‌ವರೆಗೂ ಇಳಿಯುತ್ತದೆ. ಹಾಗಾಗಿ ಹೊಡೆತ ಕೇಳಿಸಿತು, ಅದರ ಹಿಂದೆ ಎಳೆದುಕೊಂಡು ಬರುವ ಸ್ವರ ಕೇಳಿಸಲಿಲ್ಲ. ಅದನ್ನು ತರಲು ಆಪರೇಟರ್ ಬೇಸ್ ಏರಿಸಿದ, ಏರಿದ್ದು ಮತ್ತೆ 80 ಹರ್ಟ್ಸ್‌ನ ಗುದ್ದೇ. ಸೆಟ್ ಬುಕ್ ಮಾಡುವಾಗ ಎಷ್ಟು ವ್ಯಾಟ್ ಅಂತ ಮಾತ್ರ ಕೇಳಬೇಡಿ, ಎಷ್ಟು ಹರ್ಟ್ಸ್‌ವರೆಗೆ ಇಳಿಯುತ್ತದೆ ಅಂತ ಕೇಳಿ. ಗಾಯಕರ ಮೈಕಿನ ಚಾನೆಲ್ಲಿನಲ್ಲಿ 100–120 ಹರ್ಟ್ಸ್‌ಗಿಂತ ಕೆಳಗಿನದನ್ನೆಲ್ಲ ಕತ್ತರಿಸಲು ಹೇಳಿ. ಕನ್ನಡದ ಕ, ಚ, ಟ, ತ, ಸ, ಶಗಳ ಸ್ಪಷ್ಟತೆ ಇರುವುದು 2ರಿಂದ 4 ಕಿಲೋಹರ್ಟ್ಸ್ ಸುತ್ತ, ಅಲ್ಲಿ ಮಾತ್ರ ಕೈ ಹಾಕಬಾರದು.

ಹಾಡುವವರ ಕಡೆಯೂ ಒಂದು ತಪ್ಪು ಮತ್ತೆ ಮತ್ತೆ ಕಂಡಿತು. ಮೈಕಿನ ಜಾಲರಿಯನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿಯುವುದು ನೋಡಲು ಚೆಂದ. ಆದರೆ ಎಸ್‌ಎಂ58ನಂಥ ಮೈಕು ಮುಂದಿನ ಸದ್ದನ್ನು ಮಾತ್ರ ಹಿಡಿಯುವುದು ಜಾಲರಿಯ ಹಿಂಭಾಗದಿಂದ ಗಾಳಿ ಒಳಹೋಗುವುದರಿಂದ. ಅದನ್ನು ಮುಚ್ಚಿದರೆ ಎಲ್ಲ ದಿಕ್ಕಿನ ಸದ್ದೂ ಒಳಗೆ ನುಗ್ಗಿ ಮೈಕು ಕೂಗುತ್ತದೆ, ದನಿ ಡಬ್ಬಿಯೊಳಗಿಂದ ಬಂದಂತಾಗುತ್ತದೆ. ಹಿಡಿಕೆಯ ನಡುವೆ ಹಿಡಿದು, ಬಾಯಿಂದ ಎರಡು ಬೆರಳಷ್ಟು ದೂರ ಇಟ್ಟವರ ಸಾಲುಗಳೆಲ್ಲ ಕೇಳಿಸಿದವು. ತಮ್ಮದೇ ರೆಕಾರ್ಡಾದ ಹಾಡನ್ನು ಪೂರ್ತಿ ದನಿಯೊಂದಿಗೆ ಹಾಕಿ ಅದರ ಮೇಲೆ ಕೂಗಿದವರದು ಇನ್ನೂ ಕಷ್ಟ. ಬೀಟ್ ಮಾತ್ರ ಇರುವ ಟ್ರ್ಯಾಕ್ ತರುವುದು, ಸಾಲಿನ ಕೊನೆಯ ಪದಕ್ಕೆ ಸಾಥ್ ಕೊಡಲು ಪಕ್ಕದಲ್ಲೊಬ್ಬನನ್ನು ಇಟ್ಟುಕೊಳ್ಳುವುದು ಹಳೆಯ, ಸರಿಯಾದ ದಾರಿ. ಉಸಿರು ಎಳೆದುಕೊಳ್ಳಲು ಜಾಗ ಸಿಗುವುದೂ ಅದರಿಂದಲೇ.

ಕೇಳುಗರಿಗೆ ಒಂದು ಗುಟ್ಟು. ಬಯಲಲ್ಲಿ ಅತ್ಯುತ್ತಮ ಜಾಗ ಮಿಕ್ಸರ್ ಟೇಬಲ್ಲಿನ ಮುಂದೆ, ಆದರೆ ಸರಿಯಾಗಿ ನಡುಗೆರೆಯಲ್ಲಿ ಅಲ್ಲ. ಎಡ ಬಲದ ಬೇಸ್ ಬಾಕ್ಸ್‌ಗಳ ಸದ್ದು ನಡುಗೆರೆಯಲ್ಲಿ ಒಟ್ಟಿಗೆ ಸೇರಿ ದುಪ್ಪಟ್ಟಾಗುತ್ತದೆ, ಮಾತನ್ನು ನುಂಗುತ್ತದೆ. ನಾಲ್ಕೈದು ಹೆಜ್ಜೆ ಪಕ್ಕಕ್ಕೆ ಸರಿದರೆ ಸಾಕು, ಬೇಸ್ ಇಳಿದು ಮಾತು ಮೇಲೇಳುತ್ತದೆ. ಸ್ಪೀಕರಿನ ಎದುರಿಗೇ ನಿಲ್ಲುವವರು ಇಯರ್ ಪ್ಲಗ್ ಹಾಕಲೇಬೇಕು. 85 ಡೆಸಿಬೆಲ್ಲಿಗೆ ಎಂಟು ಗಂಟೆ ತಡೆಯುವ ಕಿವಿಗೆ 100 ಡೆಸಿಬೆಲ್ಲಿನಲ್ಲಿ ಸಿಗುವುದು ಹದಿನೈದು ನಿಮಿಷ ಮಾತ್ರ. ಇದು ಹನ್ನೊಂದು ಗಂಟೆಯ ಹಬ್ಬ. ಫೋಮ್ ಪ್ಲಗ್ಗನ್ನು ಬೆರಳಲ್ಲಿ ಹೊಸೆದು ಬತ್ತಿಯಂತೆ ತೆಳ್ಳಗೆ ಮಾಡಿ, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆಳೆದು ಒಳಗಿಟ್ಟು, ಉಬ್ಬುವವರೆಗೆ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಸುಮ್ಮನೆ ತುರುಕಿದರೆ ಕೆಲಸ ಮಾಡುವುದಿಲ್ಲ. ದೋಸ್ತ ನಿಮ್ಮ ಎದುರು ನಿಂತು ನೋಡಿದಾಗ ಪ್ಲಗ್ಗಿನ ತುದಿ ಹೊರಗೆ ಕಂಡರೆ ಅದು ಸರಿಯಾಗಿ ಕೂತಿಲ್ಲ ಎಂದೇ ಅರ್ಥ.

ಇನ್ನು ಹಬ್ಬದ ಜೀವ, ಸಂಜೆಯ ಸೈಫರ್. ವೇದಿಕೆ ಬಿಟ್ಟು ಕೆಳಗೆ ಸುತ್ತುಗಟ್ಟಿ, ಒಬ್ಬರಾದ ಮೇಲೆ ಒಬ್ಬರು ಹಾಡಿದರು. ಬಳ್ಳಾರಿಯ ಬೀದಿಯಲ್ಲಿ ಕನ್ನಡ, ತೆಲುಗು, ದಖ್ಖನಿ ಉರ್ದು ಹೇಗೆ ಒಂದೇ ಬಾಯಲ್ಲಿ ಓಡಾಡುತ್ತವೋ ಇಲ್ಲಿಯೂ ಹಾಗೇ. ಆಲ್ ಓಕೆ, ಎಂಸಿ ಬಿಜ್ಜು, ರಾಹುಲ್ ಡಿಟ್-ಓ ಅವರಂಥ ಕನ್ನಡ ರ್ಯಾಪರ್‌ಗಳನ್ನು ಕೇಳಿ ಬೆಳೆದ ಹುಡುಗರು ಬೆಂಗಳೂರಿನ ಕನ್ನಡವನ್ನು ಅನುಕರಿಸದೆ, "ಐತಿ", "ಹೊಂಟೀನಿ", "ಯಾಕ್ಲೇ" ಅನ್ನುವ ತಮ್ಮ ಮನೆಮಾತಿನಲ್ಲೇ ಹಾಡಿದ್ದು ಈ ಹಬ್ಬದ ದೊಡ್ಡ ಗೆಲುವು. ಈ ಸೀಮೆಗೆ ಮಾತಿನ ಕುಸ್ತಿ ಹೊಸದಲ್ಲ. ಗೀಗೀ ಪದದ ಮೇಳಗಳು ಹರದೇಶಿ, ನಾಗೇಶಿ ಎಂದು ಎರಡು ಪಕ್ಷವಾಗಿ ದಪ್ಪು, ತುಂತುಣಿ ಹಿಡಿದು ರಾತ್ರಿಯಿಡೀ ಸವಾಲ್ ಜವಾಬ್ ನಡೆಸುತ್ತಿದ್ದವು. ಎದುರಾಳಿಯ ಕೊನೆಯ ಮಾತನ್ನೇ ಹಿಡಿದು ತಿರುಗಿಸಿ ಹೊಡೆಯುವ ಆ ಚಾಳಿ ಇಲ್ಲಿಯ ಬ್ಯಾಟಲ್‌ನಲ್ಲೂ (ರ್ಯಾಪರ್‌ಗಳ ಮುಖಾಮುಖಿ ಸ್ಪರ್ಧೆ) ಕಂಡಿತು. ಬರೆದು ಬಾಯಿಪಾಠ ಮಾಡಿಕೊಂಡು ಬಂದವರು ಅಲ್ಲಿ ಎರಡನೇ ಸುತ್ತಿಗೇ ಸಿಕ್ಕಿಬಿದ್ದರು.

ಪ್ರಾಸದ ಬಗ್ಗೆ ನಮ್ಮದೊಂದು ತಕರಾರಿದೆ. ಕನ್ನಡ ವಾಕ್ಯ ಕ್ರಿಯಾಪದದಲ್ಲಿ ಮುಗಿಯುತ್ತದೆ. ಹಾಗಾಗಿ "ಬರ್ತೀನಿ, ಮಾಡ್ತೀನಿ, ನೋಡ್ತೀನಿ" ಎಂದು ಸಾಲು ಮುಗಿಸಿದರೆ ಅಂತ್ಯಪ್ರಾಸ ಪುಕ್ಕಟೆ ಸಿಗುತ್ತದೆ. ಪುಕ್ಕಟೆ ಸಿಕ್ಕಿದ್ದಕ್ಕೆ ಬೆಲೆಯಿಲ್ಲ. ಹಳೆಯ ಕನ್ನಡ ಕವಿಗಳು ಪ್ರಾಸ ಇಟ್ಟದ್ದು ಸಾಲಿನ ಎರಡನೇ ಅಕ್ಷರದಲ್ಲಿ. "ಗಣಿಯ ದೂಳು, ಹಣದ ಗೋಳು" ಎನ್ನುವಂಥ ತುಣುಕಿನಲ್ಲಿ ಮೊದಲ ಪದದ ಎರಡನೇ ಅಕ್ಷರವೂ ಕೂಡುತ್ತದೆ, ಕೊನೆಯೂ ಕೂಡುತ್ತದೆ. ಕಿವಿಗೆ ಎರಡು ಪೆಟ್ಟು. ಇನ್ನು ತಾಳ: ಲಘುವೊಂದನ್ನು ಬೀಟಿನ ಕಾಲು ಭಾಗಕ್ಕೆ ಇಟ್ಟರೆ ನಾಲ್ಕು ಮಾತ್ರೆಯ ಗಣ ಒಂದು ಬೀಟಿಗೆ ಸರಿಯಾಗಿ ಕೂರುತ್ತದೆ. ಮೂರು ಮಾತ್ರೆಯ ಪದಗಳನ್ನೇ ಸಾಲಾಗಿ ಇಟ್ಟರೆ ಒತ್ತು ಬೀಟಿನಿಂದ ಜಾರುತ್ತಾ ಹೋಗಿ ಹನ್ನೆರಡನೇ ಮಾತ್ರೆ ಮುಗಿದಾಗ ಮತ್ತೆ ಬೀಟಿಗೆ ಬಂದು ಸೇರುತ್ತದೆ. ಸಿರುಗುಪ್ಪ ಕಡೆಯ ಒಬ್ಬ ಹುಡುಗಿ ಇದನ್ನು ತಿಳಿದೇ ಮಾಡಿದಳು. "ಕತ್ತಿ, ಬುತ್ತಿ, ಮೆತ್ತಿ" ಎಂಬ ಒತ್ತಕ್ಷರಗಳನ್ನು ಸ್ನೇರ್ ಡ್ರಮ್ಮಿನ ಹೊಡೆತದ ಮೇಲೇ ಇಳಿಸಿದಾಗ ಸುತ್ತಲಿನವರೆಲ್ಲ ಒಂದೇ ಸಲ ಕೂಗಿದರು. ಇಡೀ ದಿನದಲ್ಲಿ ಅದಕ್ಕಿಂತ ಒಳ್ಳೆಯ ನಾಲ್ಕು ಬಾರ್ (ನಾಲ್ಕು ಬೀಟಿನ ಸಾಲು) ನಮಗೆ ಕೇಳಿಸಲಿಲ್ಲ.

ಡಿಜೆ ವಿಭಾಗ ಚಿಕ್ಕದು, ಆದರೆ ಅಚ್ಚುಕಟ್ಟು. ಈ ಕಲೆ ಹುಟ್ಟಿದ್ದೇ ಡಿಜೆಯ ಕೈಯಲ್ಲಿ: 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಕೂಲ್ ಹರ್ಕ್ ಎಂಬ ಡಿಜೆಯ ತಂಗಿ ಇಟ್ಟುಕೊಂಡ ಪಾರ್ಟಿಯಲ್ಲಿ. ಹಾಡಿನ ನಡುವೆ ಬರೀ ಡ್ರಮ್ ಬಾರಿಸುವ ತುಣುಕಿಗೆ ಜನ ಹೆಚ್ಚು ಕುಣಿಯುವುದನ್ನು ಕಂಡ ಹರ್ಕ್, ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು ಆ ತುಣುಕನ್ನೇ ಹಿಂದೆ ಮುಂದೆ ಬೆಳೆಸುತ್ತಿದ್ದ. ಬಳ್ಳಾರಿಯಲ್ಲೂ ಇದನ್ನು ಎರಡು ಟರ್ನ್‌ಟೇಬಲ್ಲಿನಲ್ಲಿ ನಿಧಾನವಾಗಿ ಮಾಡಿ ತೋರಿಸಿದರು. ಟೇಬಲ್ಲನ್ನು ಫೋಮ್ ಮತ್ತು ಕಲ್ಲುಚಪ್ಪಡಿಯ ಮೇಲೆ ಇಟ್ಟಿದ್ದು ಜಾಣತನ, ಇಲ್ಲದಿದ್ದರೆ ಬೇಸಿನ ನಡುಕ ಸೂಜಿಗೇರಿ ಮತ್ತೆ ಸ್ಪೀಕರಿಗೆ ಹೋಗಿ ಗುಂಯ್‌ಗುಡುತ್ತದೆ. ಕೆಂಪು ದೂಳು ಮಾತ್ರ ಬಿಡಲಿಲ್ಲ. ಪ್ರತಿ ಸೆಟ್ ನಂತರ ಸೂಜಿಯನ್ನು ಮೃದುವಾದ ಬ್ರಷ್‌ನಿಂದ ಹಿಂದಿನಿಂದ ಮುಂದಕ್ಕೆ ಒರೆಸಬೇಕು, ಒರೆಸದಿದ್ದಾಗ ಎರಡು ಸಲ ಸೂಜಿ ಜಾರಿತು. ರೆಕಾರ್ಡುಗಳನ್ನು ಬಿಸಿಲಿಗೆ ಬಿಟ್ಟರೆ ಹಪ್ಪಳದಂತೆ ಸೊಟ್ಟಗಾಗುತ್ತವೆ. ನೆರಳಲ್ಲಿ, ನಿಲ್ಲಿಸಿ ಇಡಬೇಕು.

ಬ್ರೇಕಿಂಗ್ ನೆಲ ಇಡೀ ಹಬ್ಬದ ಅತ್ಯಂತ ಕಾಳಜಿಯ ಕೆಲಸ. ಶಾಮಿಯಾನದ ಕೆಳಗೆ 18 ಮಿಲಿಮೀಟರ್ ಪ್ಲೈವುಡ್, ಅದರ ಮೇಲೆ ವಿನೈಲ್ ಹಾಸು, ಕೂಡುಗೆರೆಗಳಿಗೆಲ್ಲ ಅಗಲ ಟೇಪು. ಪ್ಲೈ ನೇರ ಮಣ್ಣಿನ ಮೇಲಿದ್ದರೆ ತಗ್ಗಿರುವಲ್ಲಿ ಕುಸಿದು ಮಣಿಕಟ್ಟು ತಿರುಚುತ್ತದೆ, ಅದಕ್ಕೆ ಕೆಳಗೆ ಮರದ ಪಟ್ಟಿ ಕೊಟ್ಟಿದ್ದರು. ಮೊದಲ ಸುತ್ತಿನ ಮುಂಚೆ ಒದ್ದೆ ಬಟ್ಟೆಯಿಂದ ಒರೆಸಿದ್ದು ಒಂದೇ ತಪ್ಪು. ದೂಳು ಕೆಸರಿನ ಪದರವಾಗಿ ಫ್ರೀಝ್‌ನಲ್ಲಿ (ಕುಣಿತದ ನಡುವೆ ಅಲುಗದೆ ನಿಲ್ಲುವ ಪಟ್ಟು) ಅಂಗೈ ಜಾರಿತು. ಒಣ ಬಟ್ಟೆಯೇ ಸರಿ, ಅದೂ ಪ್ರತಿ ಸುತ್ತಿಗೊಮ್ಮೆ. ತೀರ್ಪುಗಾರರು 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಬಳಸಿದ ಐದು ಅಳತೆಗಳನ್ನೇ ಹಿಡಿದರು: ತಂತ್ರ, ಪಟ್ಟುಗಳ ಬಗೆ, ಅಚ್ಚುಕಟ್ಟು, ಸಂಗೀತಕ್ಕೆ ಹೊಂದಿಕೆ, ಸ್ವಂತಿಕೆ. ಗಿರಗಿರ ತಿರುಗಿದವರಿಗೆ ಚಪ್ಪಾಳೆ ಹೆಚ್ಚು ಬಿತ್ತು. ಗೆದ್ದದ್ದು ಬೀಟಿನ ಮೇಲೆ ಸರಿಯಾಗಿ ನಿಂತವರು. ಅದು ನ್ಯಾಯ.

ಗೋಡೆ ಚಿತ್ರಕ್ಕೆ ಕೊಟ್ಟ ಜಾಗ ಪಶ್ಚಿಮದ ಬಿಸಿಲಿಗೆ ಮುಖ ಮಾಡಿತ್ತು, ಮಧ್ಯಾಹ್ನ ಯಾರೂ ಅತ್ತ ಸುಳಿಯಲಿಲ್ಲ. ಸ್ಪ್ರೇ ಡಬ್ಬಿಗಳನ್ನು ಬಿಸಿಲಲ್ಲೇ ಬಿಟ್ಟಿದ್ದರು. 50 ಡಿಗ್ರಿ ದಾಟಿಸಬೇಡಿ ಎಂದು ಡಬ್ಬಿಯ ಮೇಲೇ ಬರೆದಿರುತ್ತದೆ. ಇದನ್ನು ಮುಂದಿನ ಸಲ ತಿದ್ದಿಕೊಳ್ಳಲೇಬೇಕು.

ಊಟಕ್ಕೆ ಒಗ್ಗರಣೆ ಮಿರ್ಚಿಯ ಎರಡು ಗಾಡಿ, ಅನ್ನ ಸಾರಿನ ಒಂದು ಕೌಂಟರ್. ಮಂಡಕ್ಕಿ ಒಗ್ಗರಣೆ ಹದವಾಗಿತ್ತು, ಮಿರ್ಚಿ ಬಿಸಿ ಬಿಸಿ ಎಣ್ಣೆಯಿಂದ ನೇರ ಎಲೆಗೆ. ಎರಡು ಗಂಟೆಗೆ ಸಾಲು ಮುಕ್ಕಾಲು ಗಂಟೆ ಎಳೆಯಿತು, ಹನ್ನೆರಡೂವರೆಗೇ ತಿಂದು ಮುಗಿಸುವುದು ಜಾಣತನ. ನೀರಿನ ಕ್ಯಾನ್‌ಗಳು ಕೊನೆಯವರೆಗೂ ಖಾಲಿಯಾಗಲಿಲ್ಲ, ಇದಕ್ಕಾಗಿ ಆಯೋಜಕರನ್ನು ಮನಸಾರೆ ಹೊಗಳಬೇಕು. ಒಆರ್‌ಎಸ್ ಒಯ್ಯುವವರು ಒಂದು ಮಾತು ನೆನಪಿಡಿ: 21 ಗ್ರಾಮಿನ ಪಾಕೀಟು ಒಂದು ಲೀಟರಿಗೆ. ಇಬ್ಬರ ನಡುವೆ ಒಂದು ಲೀಟರ್ ಬಾಟಲಿಗೆ ಪೂರ್ತಿ ಹಾಕಿ ಹಂಚಿಕೊಳ್ಳಿ. ಲೋಟದಲ್ಲಿ ಸ್ವಲ್ಪ ಸ್ವಲ್ಪ ಕಲಸಿದರೆ ಉಪ್ಪು ಹೆಚ್ಚಾಗಿ ಬಾಯಾರಿಕೆ ಇನ್ನೂ ಏರುತ್ತದೆ.

ಜೋಡಿ ಟಿಕೆಟ್ ಅಗ್ಗ, ಆದರೆ ಇಬ್ಬರಿಗೂ ಸೇರಿ ಕ್ಯೂಆರ್ ಒಂದೇ. ಗೇಟಿನಲ್ಲಿ ಸ್ಕ್ಯಾನ್ ಆದಾಗ ಇಬ್ಬರೂ ಇದ್ದರೆ ಮಾತ್ರ ಎರಡು ಕೈಪಟ್ಟಿ ಸಿಗುತ್ತದೆ. ಒಬ್ಬ ಕೊಪ್ಪಳದಿಂದ ರೈಲಿಗೆ, ಇನ್ನೊಬ್ಬ ಸಿರುಗುಪ್ಪದಿಂದ ಬಸ್ಸಿಗೆ ಬರುವುದಾದರೆ ಬಿಡಿ ಟಿಕೆಟ್ಟೇ ತೆಗೆದುಕೊಳ್ಳಿ. ಜನ ತುಂಬಿದ ಮೇಲೆ ನೆಟ್‌ವರ್ಕ್ ಕುಸಿದು ಯುಪಿಐ ನಿಂತಿತು, ಚಿಲ್ಲರೆ ನೋಟು ಇಟ್ಟುಕೊಂಡವರು ಮಾತ್ರ ತಿಂದರು. ಕ್ಯೂಆರಿನ ಸ್ಕ್ರೀನ್‌ಶಾಟ್ ಇಬ್ಬರ ಫೋನಿನಲ್ಲೂ ಇರಲಿ. ತಪ್ಪಿಸಿಕೊಂಡರೆ ಸೇರುವ ಜಾಗವನ್ನು ಒಳಗೆ ಹೋದ ಕೂಡಲೇ ಗೊತ್ತು ಮಾಡಿಕೊಳ್ಳಿ. "ಸ್ಟೇಜ್ ಹತ್ರ" ಎಂದರೆ ಸಾಲದು, ಕಂಬವೋ ನೀರಿನ ಕ್ಯಾನೋ ಹೇಳಿ. ವಾಟ್ಸಾಪ್ ಹೋಗದಾಗಲೂ ಸಾದಾ ಮೆಸೇಜ್ ಹೋಗುತ್ತಿತ್ತು.

ರಾತ್ರಿ 10ರ ನಂತರ ಧ್ವನಿವರ್ಧಕ ಬಂದ್, ಅದು 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ. ಆಯೋಜಕರು ಒಂದು ನಿಮಿಷವೂ ಮೀರಲಿಲ್ಲ. ಸಮಸ್ಯೆ ಬೇರೆ: ಎಲ್ಲರೂ ಒಂದೇ ಗೇಟಿನಿಂದ ಹೊರಬಿದ್ದು ಆಟೋ ಸಿಗದೆ ನಿಂತರು. ರೈಲು, ಬಸ್ಸು ಹಿಡಿಯುವವರು ಕೊನೆಯ ಹಾಡು ಬಿಟ್ಟು ಒಂಬತ್ತೂಕಾಲಿಗೇ ಹೊರಡಿ, ಹೋಗುವ ಆಟೋಗೆ ಬೆಳಗ್ಗೆಯೇ ಹೇಳಿಡಿ. ಸ್ವಂತ ಗಾಡಿ ಇದ್ದವರಿಗೆ ಅವಸರ ಬೇಡ. ಸ್ಪೀಕರ್ ಆರಿದ ಮೇಲೆ ಪಾರ್ಕಿಂಗ್ ಬಳಿ ಇಪ್ಪತ್ತು ಮೂವತ್ತು ಜನ ಮತ್ತೆ ಸುತ್ತುಗಟ್ಟಿ ನಿಂತರು. ಮೈಕಿಲ್ಲ, ಬೇಸಿಲ್ಲ, ಬರೀ ಚಪ್ಪಾಳೆಯ ತಾಳ. ಸಿರುಗುಪ್ಪದ ಆ ಹುಡುಗಿ ಸಂಜೆಯ ಅದೇ ಸಾಲುಗಳನ್ನು ಮತ್ತೊಮ್ಮೆ ಹಾಡಿದಳು, ಹಿಂದಿನ ಸಾಲಿನಲ್ಲಿ ನಿಂತವರಿಗೂ ಒಂದೊಂದು ಒತ್ತಕ್ಷರವೂ ಕೇಳಿಸಿತು.