ರಕ್ತ ತೆಗೆಯೋ ಹುಡುಗನಿಗೆ ಪೂರ್ತಿ ಮಾರ್ಕ್ಸ್, ಪಥ್ಯದ ಚೀಟಿಗೆ ಸೊನ್ನೆ (5ಕ್ಕೆ 3)

ವಿಜಯಪುರದಲ್ಲಿ ಮನೆಗೇ ಬಂದು ರಕ್ತ ತಗೊಂಡು ಹೋಗುವ ಲ್ಯಾಬ್ ಒಂದರಲ್ಲಿ ಅಪ್ಪನ ಯೂರಿಕ್ ಆಸಿಡ್ ಟೆಸ್ಟ್ ಮಾಡಿಸಿದೆವು. ಹೆಸರು ಬೇಡ.

ಹುಡುಗ ಹೇಳಿದ ಹೊತ್ತಿಗೇ ಬಂದ. "ಕಾಕಾ, ಮುಷ್ಟಿ ಬಿಗಿ ಹಿಡೀರಿ" ಅಂದ, ಅಪ್ಪ ಹೂಂ ಅನ್ನೋದರೊಳಗೆ ಟ್ಯೂಬ್ ತುಂಬಿತ್ತು. ಟ್ಯೂಬಿನ ಮೇಲೆ ಹೆಸರನ್ನೂ ನಮ್ಮೆದುರಿಗೇ ಬರೆದ. ಸಂಜೆಯೊಳಗೆ ವಾಟ್ಸಾಪ್‌ಗೆ ರಿಪೋರ್ಟ್.

ತಕರಾರು ಇರೋದು ರಿಪೋರ್ಟ್ ಜೊತೆ ಬಂದ ಚೀಟಿ ಮೇಲೆ. 7.8 ಅಂತ ದಪ್ಪಕ್ಷರ, ಪಕ್ಕದಲ್ಲಿ ಕೆಂಪು ಬಾಣ, ಕೆಳಗೆ ಬಿಡಬೇಕಾದ್ದರ ಪಟ್ಟಿ: ತೊಗರಿಬೇಳೆ, ಮಡಿಕೆ ಕಾಳು, ಶೇಂಗಾ, ಪಾಲಕ್. ಇದನ್ನೆಲ್ಲ ಬಿಟ್ಟು ರೊಟ್ಟಿ ಜೊತೆ ಏನು ತಿನ್ನೋದು, ಹೇಳ್ರಿ? ಅಪ್ಪ ಅವತ್ತೇ ಶೇಂಗಾ ಹಿಂಡಿ ಡಬ್ಬಿ ಎತ್ತಿ ಅಟ್ಟದ ಮೇಲಿಟ್ಟರು.

ಡಾಕ್ಟರ್ ಚೀಟಿ ನೋಡಿ ನಕ್ಕರು. ಸುಮಾರು 6.8 ದಾಟಿದರೆ ಕೀಲಿನಲ್ಲಿ ಹರಳು ಕಟ್ಟಬಹುದು ನಿಜ, ಆದರೆ ನಂಬರ್ ಜಾಸ್ತಿ ಇದ್ದವರಲ್ಲಿ ಬಹಳ ಜನರಿಗೆ ಗೌಟ್ (ಆ ಹರಳಿನಿಂದ ಕೀಲು ಊದಿ ನೋಯುವ ಕಾಯಿಲೆ) ಬರೋದೇ ಇಲ್ಲ, ನೋವು ಇಲ್ಲದಿದ್ದರೆ ಸುಮ್ನೆ ನಂಬರ್ ನೋಡಿ ಸಾಮಾನ್ಯವಾಗಿ ಮಾತ್ರೆ ಕೊಡಲ್ಲ ಅಂದರು. ಕಾಲಿನ ಹೆಬ್ಬೆರಳ ಬುಡ ರಾತ್ರೋರಾತ್ರಿ ಕೆಂಪಗೆ ಊದಿ, ಮೇಲೆ ಚಾದರ ತಾಗಿದರೂ ಜೀವ ಹೋಗೋ ಹಾಗಾದರೆ ತಡ ಮಾಡಬಾರದು. ಇನ್ನೊಂದು ವಿಚಿತ್ರ ಅಂದ್ರೆ, ಆ ನೋವು ಜೋರಾಗಿರುವಾಗಲೇ ಟೆಸ್ಟ್ ಮಾಡಿಸಿದರೆ ಯೂರಿಕ್ ಆಸಿಡ್ ನಾರ್ಮಲ್ ಬರಲೂಬಹುದಂತೆ, ಅದಕ್ಕೇ ನೋವು ಇಳಿದು ಎರಡು ವಾರವಾದರೂ ಆದ ಮೇಲೆ ಮತ್ತೆ ನೋಡ್ತಾರೆ. ಇಷ್ಟರಲ್ಲಿ ಒಂದು ಸಾಲಾದರೂ ಚೀಟಿಯಲ್ಲಿ ಇರಬೇಕಿತ್ತು ಅಲ್ವಾ?

ಬೇಳೆಕಾಳಿಗೆ ಹೆದರಬೇಕಿಲ್ಲ. ಮಟನ್, ಅದರಲ್ಲೂ ಲಿವರ್, ಬೀರ್, ಸಿಹಿ ಕೂಲ್‌ಡ್ರಿಂಕ್ಸ್ ಇವಕ್ಕೆ ಲಗಾಮು ಹಾಕಬೇಕು. ಬೀರ್ ಹೆಸರೇ ಚೀಟಿಯಲ್ಲಿಲ್ಲ, ಪಾಲಕ್ ಮಾತ್ರ ಇದೆ! ಮೊಸರು, ಮಜ್ಜಿಗೆ ಧಾರಾಳ ತಗೊಳ್ಳಬಹುದು.

ಅಪ್ಪನ ಬಿಪಿ ಮಾತ್ರೆ ಬಗ್ಗೆ ಲ್ಯಾಬಿನವರು ಕೇಳಲೇ ಇಲ್ಲ. ಅದರಲ್ಲಿ ಹೈಡ್ರೋಕ್ಲೋರೋಥಯಾಜೈಡ್ ಇತ್ತು, ಅದೂ ಯೂರಿಕ್ ಆಸಿಡ್ ಏರಿಸುತ್ತೆ. ಡಾಕ್ಟರ್ ಬೇರೆ ಬರೆದುಕೊಟ್ಟರು (ನೀವಾಗಿಯೇ ನಿಲ್ಲಿಸಬೇಡಿ ಮತ್ತೆ).

ರಕ್ತ ಕೊಡೋಕೆ ಮುಂದೆಯೂ ಇವರನ್ನೇ ಕರೀತೀನಿ. ಚೀಟಿ ಬಗ್ಗೆ ಫೋನ್ ಮಾಡಿ ಕೇಳಿದ್ದಕ್ಕೆ, "ಅದು ಎಲ್ಲರಿಗೂ ಹೋಗೋದೇ ರೀ ಸರ್, ಕಂಪ್ಯೂಟರ್‌ನಲ್ಲಿ ಸೆಟ್ ಆಗೇತಿ" ಅಂದರು.