ಲ್ಯಾಪ್‌ಟಾಪಿನ ವೈಫೈ ಕಾರ್ಡ್ ಬದಲಿಸಿದ ಮೇಲೆ: ಇಂಟೆಲ್ ಎಎಕ್ಸ್210, ಎರಡು ವರ್ಷದ ಬಳಕೆಯ ನಂತರ

ಮೊದಲೇ ಹೇಳಿಬಿಡುತ್ತೇನೆ, ಈ ಕಾರ್ಡ್ ಚೆನ್ನಾಗಿದೆ. ಹಾಕಿ ಎರಡು ವರ್ಷ ದಾಟಿದೆ. ದಿನವಿಡೀ ವಿಡಿಯೊ ಕಾಲ್, ದೊಡ್ಡ ಫೈಲುಗಳ ಅಪ್‌ಲೋಡ್, ರಾತ್ರಿ ಸಿನಿಮಾ, ಎಲ್ಲವೂ ಇದರ ಮೇಲೇ ನಡೆಯುತ್ತಿದೆ. ಆದರೆ ನಿಮ್ಮ ಲ್ಯಾಪ್‌ಟಾಪಿನ ವೈಫೈ ಪದೇ ಪದೇ ಕಟ್ ಆಗುತ್ತಿದೆ ಅಂತ ಇಷ್ಟು ಓದಿದ ತಕ್ಷಣ ಆರ್ಡರ್ ಮಾಡಬೇಡಿ. ತೊಂದರೆ ಕಾರ್ಡಿನದ್ದೇ ಆಗಿದ್ದರೆ ಮಾತ್ರ ಇದರಿಂದ ಉಪಯೋಗ. ಅದನ್ನು ಖಾತ್ರಿ ಮಾಡಿಕೊಳ್ಳುವುದು ಹೇಗೆ ಅನ್ನುವುದೇ ಇಲ್ಲಿ ಅರ್ಧಕ್ಕಿಂತ ಜಾಸ್ತಿ ಇದೆ.

ನನ್ನ ಲ್ಯಾಪ್‌ಟಾಪಿನ ಜೊತೆ ಬಂದಿದ್ದು ಬೇರೆ ಕಂಪನಿಯ ಕಾರ್ಡ್. ಮೊದಲ ವರ್ಷ ಏನೂ ತಕರಾರಿರಲಿಲ್ಲ. ಆಮೇಲೆ ಶುರುವಾಯಿತು. ಕಾಲ್ ನಡುವೆ ಎದುರಿನವರ ಮುಖ ನಿಂತುಬಿಡುವುದು, ಪುಟ ಅರ್ಧ ತೆರೆದು ಸುತ್ತುತ್ತಲೇ ಇರುವುದು. ಕೆಲವು ಸಲ ವೈಫೈ ಗುರುತೇ ಮಾಯ. ರೀಸ್ಟಾರ್ಟ್ ಮಾಡಿದರೆ ಮತ್ತೆ ಸರಿ. ಪಕ್ಕದಲ್ಲೇ ಇಟ್ಟ ಫೋನ್ ಅದೇ ರೂಟರ್‌ನಿಂದ ಆರಾಮಾಗಿ ವಿಡಿಯೊ ಓಡಿಸುತ್ತಿತ್ತು.

ಇಂಥ ಹೊತ್ತಿನಲ್ಲಿ ಎಲ್ಲರೂ ಹೇಳುವುದು ಒಂದೇ: ರೂಟರ್ ಆಫ್ ಮಾಡಿ ಆನ್ ಮಾಡಿ, ಡ್ರೈವರ್ (ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ, ನೆಟ್‌ವರ್ಕ್ ರೀಸೆಟ್ ಮಾಡಿ. ಮಾಡಬಾರದು ಅಂತಲ್ಲ. ಆದರೆ ಇವೆಲ್ಲ ತಾತ್ಕಾಲಿಕವಾಗಿ ಸರಿ ಮಾಡಿಬಿಡುತ್ತವೆ, ತೊಂದರೆ ಎಲ್ಲಿತ್ತು ಅನ್ನುವುದು ಮಾತ್ರ ಗೊತ್ತಾಗುವುದಿಲ್ಲ. ಎರಡು ದಿನ ಬಿಟ್ಟು ಮತ್ತೆ ಅದೇ ಕಥೆ. ಹಾಗಾಗಿ ಏನನ್ನೂ ಮುಟ್ಟುವ ಮೊದಲು ಕೊಂಡಿ ಎಲ್ಲಿ ಕಳಚುತ್ತಿದೆ ಅಂತ ನೋಡಬೇಕು. ಲ್ಯಾಪ್‌ಟಾಪ್ ಮತ್ತು ರೂಟರ್ ನಡುವೆಯಾ? ಅಥವಾ ರೂಟರ್‌ನಿಂದ ಆಚೆಗಾ?

ಇದಕ್ಕೆ ಕಾಸು ಖರ್ಚಿಲ್ಲದ ದಾರಿ ಇದೆ. ವಿಂಡೋಸ್‌ನಲ್ಲಿ ಎರಡು ಕಮಾಂಡ್ ಪ್ರಾಂಪ್ಟ್ (ಕಮಾಂಡ್ ಟೈಪ್ ಮಾಡುವ) ಕಿಟಕಿ ತೆರೆಯಿರಿ. ಒಂದರಲ್ಲಿ ರೂಟರ್‌ನ ವಿಳಾಸಕ್ಕೆ ನಿಲ್ಲದ ಪಿಂಗ್ ಹಾಕಿ, ಅಂದರೆ ‘ping -t’ ಬರೆದು ಮುಂದೆ ವಿಳಾಸ ಕೊಡಿ; ಆ ಕಡೆಯಿಂದ ಉತ್ತರ ಬರುತ್ತಿದೆಯಾ ಅಂತ ಅದು ಕೇಳುತ್ತಲೇ ಇರುತ್ತದೆ. ಸಾಮಾನ್ಯವಾಗಿ ಅದು 192.168.1.1 ಅಥವಾ 192.168.0.1 ಆಗಿರುತ್ತದೆ. ವೈಫೈ ವಿವರಗಳಲ್ಲಿ ‘ಡಿಫಾಲ್ಟ್ ಗೇಟ್‌ವೇ’ ಅಂತ ಸಿಗುತ್ತದೆ. ಇನ್ನೊಂದು ಕಿಟಕಿಯಲ್ಲಿ 8.8.8.8ಕ್ಕೆ (ಇಂಟರ್ನೆಟ್‌ನಲ್ಲಿರುವ ಗೂಗಲ್‌ನ ಸರ್ವರ್) ಹಾಗೇ ಪಿಂಗ್ ಹಾಕಿ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ನಿಮ್ಮ ಕೆಲಸ ನೀವು ಮಾಡುತ್ತಿರಿ. ಕಟ್ ಆದಾಗ ನೋಡಿ. ರೂಟರ್ ಕಿಟಕಿಯಲ್ಲಿ ಉತ್ತರ ಸರಿಯಾಗಿ ಬರುತ್ತಿದ್ದು ಎರಡನೆಯದು ಮಾತ್ರ ನಿಂತಿದ್ದರೆ ಲ್ಯಾಪ್‌ಟಾಪ್ ಬಿಚ್ಚುವ ಅಗತ್ಯವೇ ಇಲ್ಲ. ಇಂಟರ್ನೆಟ್ ಕೊಡುವವರಿಗೆ ಫೋನ್ ಮಾಡಿ. ಎರಡೂ ಒಟ್ಟಿಗೆ ನಿಂತರೆ ತೊಂದರೆ ಮನೆಯೊಳಗಿನದ್ದು.

ನನ್ನದು ಎರಡನೆಯ ಜಾತಿ. ರೂಟರ್‌ಗೆ 2-3 ಮಿಲಿಸೆಕೆಂಡಿನಲ್ಲಿ ಬರುತ್ತಿದ್ದ ಉತ್ತರ ಇದ್ದಕ್ಕಿದ್ದಂತೆ ನೂರಾರು ಮಿಲಿಸೆಕೆಂಡಿಗೆ ಏರುತ್ತಿತ್ತು. ಆಮೇಲೆ ಸಾಲಾಗಿ ‘ರಿಕ್ವೆಸ್ಟ್ ಟೈಮ್ಡ್ ಔಟ್’. ಅದೇ ಹೊತ್ತಿಗೆ ಫೋನ್‌ನಲ್ಲಿ ಎಲ್ಲ ಸರಿ. ಅಂದರೆ ರೂಟರ್ ಬದುಕಿದೆ, ಲೈನ್ ಬದುಕಿದೆ.

ಆದರೂ ಕಾರ್ಡ್ ಕೆಟ್ಟಿದೆ ಅಂತ ಅಷ್ಟಕ್ಕೇ ತೀರ್ಮಾನಿಸುವ ಹಾಗಿಲ್ಲ. ನಡುವೆ ಗಾಳಿ ಇದೆಯಲ್ವಾ?

ವೈಫೈ ಓಡುವ ರೇಡಿಯೊ ತರಂಗಗಳ ಪಟ್ಟಿಗೆ ಬ್ಯಾಂಡ್ ಅನ್ನುತ್ತಾರೆ, ಅದರೊಳಗಿನ ಒಂದೊಂದು ಓಣಿಗೆ ಚಾನೆಲ್. 2.4 ಗಿಗಾಹರ್ಟ್ಜ್ ಬ್ಯಾಂಡ್ ಅಂದರೆ ಸಂತೆ. ಅಕ್ಕಪಕ್ಕದವರ ವೈಫೈ, ಬ್ಲೂಟೂತ್, ಮೈಕ್ರೋವೇವ್ ಒಲೆ ಎಲ್ಲ ಅಲ್ಲೇ. ಅದರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಈ ಮೂರೇ. ರೂಟರ್‌ನಲ್ಲಿ 3 ಅಥವಾ 4 ಇಟ್ಟರೆ ಎರಡು ಕಡೆಯವರ ಗಲಾಟೆಯೂ ನಿಮಗೇ. ಜನ ಅಷ್ಟಾಗಿ ಗಮನಿಸದ ಇನ್ನೊಂದು ಇದೆ: ಯುಎಸ್‌ಬಿ 3.0 ಹಾರ್ಡ್ ಡಿಸ್ಕ್. ಇದರ ಕೇಬಲ್ ಮತ್ತು ಪೋರ್ಟ್ ಹೊರಡಿಸುವ ರೇಡಿಯೊ ಸದ್ದು 2.4 ಗಿಗಾಹರ್ಟ್ಜ್ ಮೇಲೆಯೇ ಬೀಳುತ್ತದೆ. 2012ರಲ್ಲಿ ಇಂಟೆಲ್ ಕಂಪನಿಯೇ ಇದನ್ನು ಅಳೆದು ಪ್ರಕಟಿಸಿತ್ತು. ಹಾರ್ಡ್ ಡಿಸ್ಕ್ ಚುಚ್ಚಿದಾಗ ಮಾತ್ರ ನಿಮ್ಮ ವೈಫೈ ತೂಕಡಿಸುತ್ತಿದ್ದರೆ ಕಾರಣ ಹುಡುಕಿಕೊಂಡು ದೂರ ಹೋಗಬೇಡಿ. ಡಿಸ್ಕನ್ನು ದೂರ ಇಡಿ, ಇಲ್ಲವೇ 5 ಗಿಗಾಹರ್ಟ್ಜ್‌ಗೆ ಬನ್ನಿ.

5 ಗಿಗಾಹರ್ಟ್ಜ್‌ಗೂ ಅದರದ್ದೇ ತಂಟೆ ಇದೆ. ಅಲ್ಲಿ 52ರಿಂದ 144ರವರೆಗಿನ ಚಾನೆಲ್‌ಗಳನ್ನು ರೇಡಾರ್‌ಗಳೂ ಬಳಸುತ್ತವೆ. ರೇಡಾರ್ ಸಿಗ್ನಲ್ ಕಂಡ ಕೂಡಲೇ ರೂಟರ್ ಆ ಚಾನೆಲ್ ಬಿಟ್ಟು ಏಳಲೇಬೇಕು, ಅದು ನಿಯಮ. ಇದಕ್ಕೆ ಡಿಎಫ್‌ಎಸ್ ಅನ್ನುತ್ತಾರೆ. ಇಂಥದ್ದೇ ಇನ್ನೊಂದು ಚಾನೆಲ್‌ಗೆ ಹೋದರೆ ಅಲ್ಲಿ ಕನಿಷ್ಠ 60 ಸೆಕೆಂಡು ಸುಮ್ಮನೆ ಕಿವಿಗೊಟ್ಟು, ರೇಡಾರ್ ಇಲ್ಲ ಅಂತ ಖಾತ್ರಿಯಾದ ಮೇಲೆಯೇ ರೂಟರ್ ಮಾತು ಶುರು ಮಾಡಬೇಕು. ನೋಡುವವರಿಗೆ ಅದು ‘ವೈಫೈ ಹೋಯ್ತು, ಸ್ವಲ್ಪ ಹೊತ್ತು ಬಿಟ್ಟು ಬಂತು’ ಅಷ್ಟೇ. 36ರಿಂದ 48ರೊಳಗಿನ ಚಾನೆಲ್ ಇಟ್ಟರೆ ಈ ಕಾಟವಿಲ್ಲ. ನಾನು 36 ಇಟ್ಟು ನೋಡಿದೆ. ನನ್ನ ಲ್ಯಾಪ್‌ಟಾಪಿನ ಚಾಳಿ ಬದಲಾಗಲಿಲ್ಲ.

ಆಮೇಲೆ ಕರೆಂಟ್ ಉಳಿಸುವ ಸೆಟ್ಟಿಂಗ್. ಡಿವೈಸ್ ಮ್ಯಾನೇಜರ್‌ನಲ್ಲಿ ವೈಫೈ ಅಡಾಪ್ಟರ್‌ನ ಪ್ರಾಪರ್ಟೀಸ್, ಅದರಲ್ಲಿ ಪವರ್ ಮ್ಯಾನೇಜ್‌ಮೆಂಟ್. ಪವರ್ ಉಳಿಸಲು ಈ ಸಾಧನವನ್ನು ಆಫ್ ಮಾಡಬಹುದು ಅನ್ನುವ ಟಿಕ್ ತೆಗೆಯಿರಿ. ಎಷ್ಟೋ ಜನರ ತೊಂದರೆ ಇಲ್ಲಿಗೇ ಮುಗಿಯುತ್ತದೆ, ಅದರಲ್ಲೂ ನಿದ್ದೆಯಿಂದ ಎದ್ದ ಮೇಲೆ ವೈಫೈ ಸಿಗದವರದ್ದು. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಕೆಲವದರಲ್ಲಿ ಈ ಟ್ಯಾಬ್ ಕಾಣಿಸುವುದಿಲ್ಲ.

ನನಗೆ ಕೊನೆಗೆ ದಾರಿ ತೋರಿಸಿದ್ದು ವಿಂಡೋಸ್‌ನೊಳಗೇ ಇರುವ ವೈಫೈ ವರದಿ. ಇದರ ಬಗ್ಗೆ ಮಾತಾಡುವವರೇ ಕಡಿಮೆ, ನನಗದು ಬೇಸರ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನ್ ಆಗಿ ತೆರೆದು ‘ನೆಟ್‌ಶ್ ಡಬ್ಲ್ಯೂಲ್ಯಾನ್ ಶೋ ಡಬ್ಲ್ಯೂಲ್ಯಾನ್‌ರಿಪೋರ್ಟ್’ (netsh wlan show wlanreport) ಅಂತ ಕೊಟ್ಟರೆ ಕಳೆದ ಮೂರು ದಿನಗಳ ಪೂರ್ತಿ ಜಾತಕ ಬ್ರೌಸರ್‌ನಲ್ಲಿ ತೆರೆಯುವ ಪುಟವಾಗಿ ಬರುತ್ತದೆ. ಯಾವಾಗ ಸೇರಿತು, ಯಾವಾಗ ಬಿಟ್ಟಿತು, ಯಾಕೆ ಬಿಟ್ಟಿತು, ಎಲ್ಲ ಇರುತ್ತದೆ. ತಪ್ಪಾದ ಕಡೆ ಕೆಂಪು ಗುರುತು. ನನ್ನದರಲ್ಲಿ ಕಟ್ ಆದ ಕಡೆಯಲ್ಲೆಲ್ಲ, ಡ್ರೈವರೇ ಸಂಪರ್ಕ ಬಿಡಿಸಿದೆ ಅನ್ನುವ ಅರ್ಥದ ಸಾಲು. ರೂಟರ್ ಹೊರಗೆ ಹಾಕಿದ್ದಲ್ಲ, ಸಿಗ್ನಲ್ ಇಲ್ಲದೆ ಹೋಗಿದ್ದೂ ಅಲ್ಲ. ಡ್ರೈವರ್ ಹೊಸದು ಹಾಕಿದೆ, ಒಂದು ಹಳೆಯದನ್ನೂ ಹಾಕಿದೆ. ಎರಡರಲ್ಲೂ ಅದೇ ಸಾಲು. ಆಗ ಕಾರ್ಡ್ ಬದಲಿಸುವ ಮಾತಿಗೆ ಅರ್ಥ ಬಂತು.

ಬಿಚ್ಚುವ ಮೊದಲು ಇನ್ನೊಂದು ಪರೀಕ್ಷೆ, ದಯವಿಟ್ಟು ಮಾಡಿ. ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಆಂಟೆನಾ ಇರುವುದು ಪರದೆಯ ಅಂಚಿನಲ್ಲಿ. ಅದರ ವೈರ್ ಹಿಂಜ್ ಮೂಲಕ ಕೆಳಗೆ ಬರುತ್ತದೆ. ವರ್ಷಗಟ್ಟಲೆ ತೆರೆದು ಮುಚ್ಚಿ ಅಲ್ಲಿ ವೈರ್ ಸವೆಯಬಹುದು. ‘ನೆಟ್‌ಶ್ ಡಬ್ಲ್ಯೂಲ್ಯಾನ್ ಶೋ ಇಂಟರ್‌ಫೇಸಸ್’ (netsh wlan show interfaces) ಕೊಟ್ಟರೆ ಸಿಗ್ನಲ್ ಶೇಕಡಾ ಎಷ್ಟು ಅಂತ ತೋರಿಸುತ್ತದೆ. ಪರದೆಯನ್ನು ನಿಧಾನಕ್ಕೆ ಹಿಂದೆ ಮುಂದೆ ಬಾಗಿಸುತ್ತಾ ಅದನ್ನು ಮತ್ತೆ ಮತ್ತೆ ನೋಡಿ. ಒಂದು ಕೋನಕ್ಕೆ ಬಂದಾಗ ಧೊಪ್ಪನೆ ಬಿದ್ದರೆ ದೋಷ ವೈರಿನದು, ಹೊಸ ಕಾರ್ಡ್ ಹಾಕಿದರೂ ಅದೇ ಗತಿ. ಅಂದಹಾಗೆ ಆ ಶೇಕಡಾವಾರು ಲೆಕ್ಕದಲ್ಲಿ 100 ಅಂದರೆ ಮೈನಸ್ 50 ಡಿಬಿಎಂ (ಸಿಗ್ನಲ್ ಬಲದ ಅಳತೆ), 0 ಅಂದರೆ ಮೈನಸ್ 100. ಕಾಲ್‌ಗಳು ಚೆನ್ನಾಗಿ ನಡೆಯಲು ಮೈನಸ್ 67ರ ಆಸುಪಾಸು ಬೇಕು ಅನ್ನುತ್ತಾರೆ, ಅಂದರೆ ಸುಮಾರು 66. ಅದಕ್ಕಿಂತ ತುಂಬಾ ಕೆಳಗಿದ್ದರೆ ಮೊದಲು ರೂಟರ್ ಇಟ್ಟ ಜಾಗ ಬದಲಿಸಿ.

ಈಗ ಕಾರ್ಡಿಗೆ ಬರೋಣ. ಕೊಳ್ಳುವಾಗ ಜನ ಎಡವುವುದು ಹೆಸರಿನಲ್ಲಿ. ಎಎಕ್ಸ್210 ಮತ್ತು ಎಎಕ್ಸ್211 ನೋಡಲು ಅಣ್ಣತಮ್ಮಂದಿರು. ಆದರೆ 211ರಲ್ಲಿ ಕಾರ್ಡಿನ ಅರ್ಧ ಕೆಲಸ ಲ್ಯಾಪ್‌ಟಾಪಿನ ಇಂಟೆಲ್ ಚಿಪ್‌ಸೆಟ್ ಒಳಗೆ ನಡೆಯುತ್ತದೆ. ಆ ಸೌಲಭ್ಯವಿರುವ ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಮಾತ್ರ ಅದು ಓಡುತ್ತದೆ. 210 ಹಾಗಲ್ಲ. ವೈಫೈಗೆ ಪಿಸಿಐಇ, ಬ್ಲೂಟೂತ್‌ಗೆ ಯುಎಸ್‌ಬಿ, ಎರಡೂ ಸಾಮಾನ್ಯ ದಾರಿಗಳೇ. ಎಎಂಡಿ ಲ್ಯಾಪ್‌ಟಾಪ್‌ಗೂ ಆಗುತ್ತದೆ. ಎಎಕ್ಸ್200 ಮತ್ತು 201 ನಡುವೆಯೂ ಇದೇ ವ್ಯತ್ಯಾಸ. ಕೊನೆಯ ಅಂಕಿ ಸೊನ್ನೆಯಾ ಒಂದಾ ಅಂತ ನೋಡಿಯೇ ಕೊಳ್ಳಿ. ಕಾರ್ಡ್ ಅಳತೆ ಎಂ.2 2230, ಅಂದರೆ 22 ಮಿಲಿಮೀಟರ್ ಅಗಲ, 30 ಉದ್ದ. ಕೆಲವು ಲ್ಯಾಪ್‌ಟಾಪ್ ಮಾದರಿಗಳ ಬಯಾಸ್ (ಲ್ಯಾಪ್‌ಟಾಪ್ ಆನ್ ಆದಾಗ ಮೊದಲು ಓಡುವ ಒಳಗಿನ ಪ್ರೋಗ್ರಾಂ), ಕಂಪನಿ ಒಪ್ಪಿದ ಕಾರ್ಡ್ ಬಿಟ್ಟು ಬೇರೆಯದನ್ನು ಹತ್ತಿರ ಸೇರಿಸುವುದಿಲ್ಲ. ನಿಮ್ಮ ಮಾದರಿಗೆ ಯಾರಾದರೂ ಹಾಕಿದ್ದಾರಾ ವಿಚಾರಿಸಿ.

ಬಿಚ್ಚುವ ಮುಂಚೆಯೇ ಹೊಸ ಕಾರ್ಡಿನ ಡ್ರೈವರ್ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ವೈಫೈಗೆ ಒಂದು, ಬ್ಲೂಟೂತ್‌ಗೆ ಬೇರೆ. ಹಾಕಿದ ಮೇಲೆ ನೆಟ್ ಇಲ್ಲದೆ ಡ್ರೈವರ್ ತರುವುದು ಹೇಗೆ ಅಂತ ಕೂರಬೇಕಾಗುತ್ತದೆ.

ಕೆಲಸ ದೊಡ್ಡದಲ್ಲ, ನಾಜೂಕಿನದು. ಹಿಂಬದಿ ಮುಚ್ಚಳ ತೆಗೆದ ಕೂಡಲೇ ಬ್ಯಾಟರಿಯ ಕನೆಕ್ಟರ್ ಬಿಡಿಸಿ. ಕಾರ್ಡ್ ಮೇಲೆ ಎರಡು ಸಣ್ಣ ವೈರುಗಳು ಕೂತಿರುತ್ತವೆ, ನನ್ನದರಲ್ಲಿ ಒಂದು ಕಪ್ಪು, ಒಂದು ಬಿಳಿ. ಯಾವುದು ಎಲ್ಲಿತ್ತು ಅಂತ ಫೋಟೊ ತೆಗೆದುಕೊಳ್ಳಿ. ವೈರ್ ಹಿಡಿದು ಎಳೆಯಬೇಡಿ. ತಲೆಯ ಕೆಳಗೆ ಉಗುರೋ ಪ್ಲಾಸ್ಟಿಕ್ ತುಂಡೋ ಕೊಟ್ಟು ನೇರ ಮೇಲಕ್ಕೆ ಎತ್ತಿ. ಒಂದೇ ಸ್ಕ್ರೂ ತೆಗೆದರೆ ಕಾರ್ಡ್ ತಾನೇ ಓರೆಯಾಗಿ ಮೇಲೇಳುತ್ತದೆ. ಹೊಸದನ್ನು ಅದೇ ಓರೆಯಲ್ಲಿ ತೂರಿಸಿ, ಒತ್ತಿ, ಸ್ಕ್ರೂ ಹಾಕಿ. ಕಷ್ಟ ಶುರುವಾಗುವುದು ಆಮೇಲೆ. ಆ ವೈರುಗಳ ತುದಿ ಅಕ್ಕಿಕಾಳಿಗಿಂತ ಚಿಕ್ಕದು. ಸರಿಯಾಗಿ ಮೇಲೆ ಕೂತಿದೆಯಾ ಅಂತ ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ತಿಳಿಯಬೇಕು. ತುದಿಯನ್ನು ಕಾರ್ಡಿನ ಮೇಲಿನ ಪುಟ್ಟ ಗೂಟದ ಮೇಲಿಟ್ಟು ಮೆಲ್ಲಗೆ ಅತ್ತಿತ್ತ ಸರಿಸಿದರೆ ಒಂದು ಕಡೆ ಹಿಡಿದಂತೆ ಆಗುತ್ತದೆ. ಆಗ ಮಾತ್ರ ಮೇಲಿನಿಂದ ನೇರ ಒತ್ತಿ. ಸಣ್ಣ ‘ಟಿಕ್’ ಕೇಳುತ್ತದೆ. ಓರೆಯಾಗಿ ಬಲ ಹಾಕಿದರೆ ಗೂಟ ಚಪ್ಪಟೆಯಾಗುತ್ತದೆ, ಆಮೇಲೆ ಕಾರ್ಡ್ ಹೊಸದಾದರೂ ಸಿಗ್ನಲ್ ಅರ್ಧ. ಅವಸರ ಇರುವ ದಿನ ಈ ಕೆಲಸಕ್ಕೆ ಕೈ ಹಾಕಬೇಡಿ. ಹಳೆಯ ಕಾರ್ಡನ್ನು ಎಸೆಯಲೂ ಬೇಡಿ. ಲ್ಯಾಪ್‌ಟಾಪ್ ಸರ್ವಿಸ್‌ಗೆ ಕೊಡುವಾಗ ಅದನ್ನೇ ಹಾಕಿ ಕೊಡುವುದು ಕ್ಷೇಮ.

ಹಾಕಿದ ದಿನವೇ ಮತ್ತೆ ಆ ಎರಡು ಪಿಂಗ್ ಕಿಟಕಿ ತೆರೆದಿಟ್ಟೆ. ಸಂಜೆಯವರೆಗೆ ರೂಟರ್ ಕಡೆ ಒಂದು ಉತ್ತರವೂ ತಪ್ಪಲಿಲ್ಲ. ಕೆಲವು ದಿನ ಬಿಟ್ಟು ವರದಿ ತೆಗೆದರೆ ಕೆಂಪು ಗುರುತು ಇರಲಿಲ್ಲ. ನಾನೇ ಆಫ್ ಮಾಡಿದ್ದು, ಲ್ಯಾಪ್‌ಟಾಪ್ ಮಲಗಿದ್ದು, ಅಷ್ಟೇ. ಎಷ್ಟು ನೆಮ್ಮದಿಯಾಯಿತು ಅಂದರೆ, ಅದಕ್ಕೂ ಮುಂಚೆ ಮುಖ್ಯವಾದ ಕಾಲ್ ಇದ್ದಾಗಲೆಲ್ಲ ಫೋನ್‌ನ ಹಾಟ್‌ಸ್ಪಾಟ್ ರೆಡಿ ಇಟ್ಟುಕೊಂಡೇ ಕೂರುತ್ತಿದ್ದೆ. ಆ ಅಭ್ಯಾಸ ತಾನಾಗಿಯೇ ಬಿಟ್ಟುಹೋಯಿತು. ಎರಡು ವರ್ಷವಾದರೂ ಪರಿಸ್ಥಿತಿ ಹಾಗೇ ಇದೆ. ನಿದ್ದೆಯಿಂದ ಎದ್ದ ಕೂಡಲೇ ವೈಫೈ ಸಿಗುತ್ತದೆ. ಬ್ಲೂಟೂತ್ ಹೆಡ್‌ಸೆಟ್ ಹಾಕಿಕೊಂಡು ಕಾಲ್ ಮಾಡುವಾಗಲೂ ವೇಗ ಕುಗ್ಗುವುದು ನನ್ನ ಗಮನಕ್ಕೆ ಬಂದಿಲ್ಲ, ಏಕೆಂದರೆ ನನ್ನ ವೈಫೈ ಇರುವುದು 5 ಗಿಗಾಹರ್ಟ್ಜ್‌ನಲ್ಲಿ. ಅಡಾಪ್ಟರ್‌ನ ಅಡ್ವಾನ್ಸ್ಡ್ ಸೆಟ್ಟಿಂಗ್‌ನಲ್ಲಿ ‘ಪ್ರಿಫರ್ಡ್ ಬ್ಯಾಂಡ್’ ಅಂತ ಇದೆ, ಅದನ್ನು 5ಕ್ಕೆ ಇಟ್ಟಿದ್ದೇನೆ. ಮಿಕ್ಕಿದ್ದನ್ನು ಮುಟ್ಟಿಲ್ಲ.

ವೇಗದ ವಿಷಯದಲ್ಲಿ ಒಂದು ಮಾತು. ಈ ಕಾರ್ಡಿಗೆ ಹೇಳುವ 2.4 ಗಿಗಾಬಿಟ್ ಸಿಗುವುದು 160 ಮೆಗಾಹರ್ಟ್ಜ್ ಅಗಲದ ಚಾನೆಲ್‌ನಲ್ಲಿ. 5 ಗಿಗಾಹರ್ಟ್ಜ್‌ನಲ್ಲಿ ಅಷ್ಟು ಅಗಲ ಬೇಕು ಅಂದರೆ ರೇಡಾರ್ ಚಾನೆಲ್‌ಗಳ ಮೇಲೆ ಕಾಲಿಡಲೇಬೇಕು. 36ರಿಂದ ಶುರುವಾದ ಚಾನೆಲ್ 64ರವರೆಗೆ ಚಾಚುತ್ತದೆ. ಮತ್ತೆ ಡಿಎಫ್‌ಎಸ್ ತಲೆನೋವು. ನಾನು ರೂಟರ್‌ನಲ್ಲಿ ಅಗಲವನ್ನು 80 ಮೆಗಾಹರ್ಟ್ಜ್‌ಗೇ ನಿಲ್ಲಿಸಿದ್ದೇನೆ. ಆಗ ಕೊಂಡಿಯ ವೇಗ 1201 ಮೆಗಾಬಿಟ್ ಅಂತ ತೋರಿಸುತ್ತದೆ. ಕೈಗೆ ಸಿಗುವುದು ಅದಕ್ಕಿಂತ ಕಡಿಮೆಯೇ, ಯಾವ ವೈಫೈನಲ್ಲೂ ಅಷ್ಟೇ. ಕಟ್ ಆಗದ ನೆಟ್ ಬೇಕು ಅಂತ ಕಾರ್ಡ್ ಬದಲಿಸಿದವನಿಗೆ ಇಷ್ಟು ಧಾರಾಳ.

6 ಗಿಗಾಹರ್ಟ್ಜ್ ಬ್ಯಾಂಡ್ ಇದರಲ್ಲಿದೆ, ಅಲ್ಲಿ ಡಿಎಫ್‌ಎಸ್ ಕಾಟವೂ ಇಲ್ಲ. ಆದರೆ ವಿಂಡೋಸ್ 11 ಇರಬೇಕು, ರೂಟರ್‌ನಲ್ಲೂ ಆ ಬ್ಯಾಂಡ್ ಇರಬೇಕು, ಡಬ್ಲ್ಯೂಪಿಎ3 ಭದ್ರತೆ ಕಡ್ಡಾಯ. ಗೋಡೆ ಅಡ್ಡ ಬಂದರೆ 5ಕ್ಕಿಂತಲೂ ಬೇಗ ಸೋಲುತ್ತದೆ. ಅದಕ್ಕೋಸ್ಕರವೇ ಇದನ್ನು ಕೊಳ್ಳಿ ಅಂತ ನಾನು ಹೇಳುವುದಿಲ್ಲ. ವೈಫೈ 7 ಇದರಲ್ಲಿಲ್ಲ. ಲಿನಕ್ಸ್ ಬಳಸುವವರಿಗೆ ಕರ್ನಲ್ 5.10 ಅಥವಾ ಅದಕ್ಕಿಂತ ಹೊಸದು ಬೇಕು.

ತೆಳ್ಳಗಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ವೈಫೈ ಚಿಪ್ ಬೋರ್ಡಿಗೇ ಬೆಸುಗೆ ಹಾಕಿರುತ್ತದೆ. ಮುಚ್ಚಳ ತೆಗೆದರೂ ಬದಲಿಸಲು ಏನೂ ಸಿಗದು. ಅಂಥವರಿಗೆ ಯುಎಸ್‌ಬಿ ಅಡಾಪ್ಟರ್ ಒಂದೇ ದಾರಿ. 2.4 ಮತ್ತು 5, ಎರಡೂ ಬ್ಯಾಂಡ್ ಇರುವುದನ್ನೇ ನೋಡಿ ಕೊಳ್ಳಿ. ಅದನ್ನು ಪೋರ್ಟಿಗೆ ನೇರ ಚುಚ್ಚುವ ಬದಲು ಗೇಣುದ್ದದ ಎಕ್ಸ್‌ಟೆನ್ಷನ್ ಕೇಬಲ್ ಕೊಟ್ಟು, ಹಾರ್ಡ್ ಡಿಸ್ಕಿನಿಂದ ದೂರಕ್ಕೆ, ಪರದೆಯ ಮರೆಯಾಗದ ಕಡೆ ಇಡಿ. ಹಾಕಿದ ಮೇಲೆ ಡಿವೈಸ್ ಮ್ಯಾನೇಜರ್‌ನಲ್ಲಿ ಒಳಗಿನ ವೈಫೈಯನ್ನು ಡಿಸೇಬಲ್ ಮಾಡಿ. ಇಲ್ಲದಿದ್ದರೆ ವಿಂಡೋಸ್ ಮತ್ತೆ ಆ ಹಳೆಯ ಕಾರ್ಡಿನಲ್ಲೇ ಹೋಗಿ ಕೂತಿರುತ್ತದೆ.