ಡಿಪ್ರೆಶನ್‌ಗೆ ಥೆರಪಿಸ್ಟ್ ಹುಡುಕೋದು: ತುಂಬಾ ದಿನದಿಂದ ಹೋಗ್ತಿರೋರ ರಿವ್ಯೂ

ಡಿಪ್ರೆಶನ್‌ನಲ್ಲಿ ಥೆರಪಿಸ್ಟ್ ಹುಡುಕೋದೇ ಕಷ್ಟ, ಹುಡುಕೋಕೆ ಬೇಕಾದ ಶಕ್ತಿನೇ ಆ ಕಾಯಿಲೆ ಹೀರ್ಕೊಂಡಿರತ್ತೆ, ಒಂದು ಫೋನ್ ಮಾಡೋಕೂ ಮನಸ್ಸಾಗಲ್ಲ. ಹಾಗಾಗಿ ಅಪಾಯಿಂಟ್‌ಮೆಂಟ್ ತಗೊಳ್ಳೋದನ್ನ ನಂಬಿಕಸ್ತರಿಗೆ ಬಿಡಿ. ನನಗೆ ಅಕ್ಕ ಮಾಡಿಕೊಟ್ಳು.

ಮಾತ್ರೆ ಬರೆಯೋದು ಸೈಕಿಯಾಟ್ರಿಸ್ಟ್, ಮಾತಿನ ಚಿಕಿತ್ಸೆ ಸಾಮಾನ್ಯವಾಗಿ ಸೈಕಾಲಜಿಸ್ಟ್ ಅಥವಾ ಟ್ರೈನಿಂಗ್ ಆದ ಕೌನ್ಸೆಲರ್. ಜೋರಾಗಿದ್ರೆ ಎರಡೂ ಬೇಕಾಗತ್ತೆ. ಮಾತ್ರೆ ಕೆಲಸ ಮಾಡೋಕೆ ಕೆಲವು ವಾರ ಹಿಡಿಯತ್ತೆ, ನಾವೇ ನಿಲ್ಲಿಸಬಾರದು.

ನಾನು ಮೊದಲು ಹೋದ ಥೆರಪಿಸ್ಟ್ ಒಳ್ಳೆಯವರೇ, ಸಮಾಧಾನವಾಗಿ ಕೇಳೋರು, ಆದ್ರೆ ಪ್ರತಿ ವಾರ ಹೋಗಿ ಅದೇ ಗೋಳು ಹೇಳ್ಕೊಂಡು ಅತ್ತು ಬರೋದಷ್ಟೇ ಆಗೋಯ್ತು, ಮುಂದೇನು ಅಂತ ಅವರೂ ಹೇಳಲಿಲ್ಲ. ಆಮೇಲೆ ಬೇರೆಯವರನ್ನ ನೋಡುವಾಗ ಫೋನಲ್ಲೇ ಕೇಳಿದ್ವಿ: ಡಿಪ್ರೆಶನ್ ಇರೋರನ್ನ ಜಾಸ್ತಿ ನೋಡ್ತೀರಾ, ಯಾವ ವಿಧಾನದಲ್ಲಿ ಮಾಡ್ತೀರಾ, ಕಮ್ಮಿ ಆಗ್ತಿದೆ ಅಂತ ಹೇಗೆ ಗೊತ್ತಾಗತ್ತೆ? ಈ ಮೂರನೇ ಪ್ರಶ್ನೆ ಬಿಡ್ಲೇಬೇಡಿ. ಈಗಿನ ಮೇಡಂ ತಕ್ಷಣ ಹೇಳಿದ್ರು, ಪಿಎಚ್‌ಕ್ಯೂ-9 ಅನ್ನೋ ಫಾರ್ಮ್ ಆಗಾಗ ತುಂಬಿಸ್ತೀನಿ ಅಂತ. ಕಳೆದ 2 ವಾರ ಹೇಗಿತ್ತು ಅಂತ 9 ಪ್ರಶ್ನೆ, ಒಂದೊಂದಕ್ಕೂ 0ರಿಂದ 3, ಒಟ್ಟು 27. ಕೊನೆಯದು ಸಾಯೋ ಯೋಚನೆ ಬಗ್ಗೆ. ಅದನ್ನ ಅವರು ಸುತ್ತಿಬಳಸದೆ ನೇರ ಕೇಳಿದ್ರು, ಅಷ್ಟು ದಿನ ಯಾರ ಹತ್ರನೂ ಬಾಯಿ ಬಿಡದೇ ಇದ್ದಿದ್ದನ್ನ ಅವತ್ತೇ ಹೇಳ್ಬಿಟ್ಟೆ. (ನಿಮಗೆ ಈಗ್ಲೇ ಆ ಯೋಚನೆ ಬರ್ತಿದ್ರೆ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ, ಒಬ್ಬರೇ ಇರಬೇಡಿ.)

ಮಾಡಿಸಿದ್ದು ಸಿಬಿಟಿ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ), ಅಂದ್ರೆ ನಮ್ಮ ಯೋಚನೆ, ನಡವಳಿಕೆ ನೋಡ್ಕೊಂಡು ಸ್ವಲ್ಪ ಸ್ವಲ್ಪವೇ ಬದಲಾಯಿಸೋ ಮಾತಿನ ಚಿಕಿತ್ಸೆ, 1960ರ ದಶಕದಲ್ಲಿ ಆರನ್ ಬೆಕ್ ಅನ್ನೋ ಸೈಕಿಯಾಟ್ರಿಸ್ಟ್ ಶುರು ಮಾಡಿದ್ದು. ನನಗೆ ಎಲ್ಲಕ್ಕಿಂತ ಉಪಯೋಗ ಆಗಿದ್ದು ದಿನಚರಿ ಹಾಳೆ. ಗಂಟೆಗೊಂದು ಸಾಲು, ಏನು ಮಾಡಿದೆ ಅಂತ ಬರೆದು ಎಷ್ಟು ಖುಷಿ ಆಯ್ತು ಅಂತ 10ಕ್ಕೆ ಮಾರ್ಕ್ ಹಾಕ್ಬೇಕು. ನಂದು ಹೆಚ್ಚುಕಮ್ಮಿ ಬರೀ "ಮಲಗಿದ್ದೆ, ಮಲಗಿದ್ದೆ", ಅದಕ್ಕೆಲ್ಲಾ ಸೊನ್ನೆ. ಮೇಡಂ ಒಂದು ಸಾಲಿನ ಮೇಲೆ ಪೆನ್ ಇಟ್ಟು, "ಗಿಡಕ್ಕೆ ನೀರು ಹಾಕಿದಾಗ 3 ಬರ್ದಿದ್ದೀರಲ್ಲ, ನಾಳೆನೂ ಹಾಕ್ತೀರಾ?" ಅಂದ್ರು. ಮನಸ್ಸು ಸರಿಯಾದ್ಮೇಲೆ ಕೆಲಸ ಮಾಡೋಣ ಅಂತ ಕೂತ್ರೆ ಆಗಲ್ಲ, ಸಣ್ಣದೊಂದು ಮಾಡ್ತಾ ಹೋದ್ರೆ ಮನಸ್ಸು ನಿಧಾನಕ್ಕೆ ಹಿಂದೆ ಬರತ್ತೆ ಅನ್ನೋದು ಅವರ ಲೆಕ್ಕ, ನನ್ನ ವಿಷಯದಲ್ಲಿ ಹಾಗೇ ಆಯ್ತು.

ಕಷ್ಟನೂ ಇದೆ. ತೀರಾ ಡಲ್ ಆಗಿರೋ ದಿನ ಹೋಮ್‌ವರ್ಕ್ ಬೆಟ್ಟ ಅನ್ಸತ್ತೆ, 50 ನಿಮಿಷದಲ್ಲಿ ಮಾತು ಅರ್ಧಕ್ಕೇ ನಿಲ್ಲತ್ತೆ, ಕೆಲವು ಸೆಷನ್ ಆದ್ಮೇಲೆ ಸುಸ್ತಾಗಿ ಬಿದ್ಕೋಬೇಕು. ಒಮ್ಮೆ "ನೀವು ತುಂಬಾ ಸ್ಪೀಡಾಗಿ ಹೋಗ್ತಿದ್ದೀರಾ" ಅಂತ ಹೇಳ್ದೆ, ಬೇಜಾರು ಮಾಡ್ಕೊಳ್ದೆ ಅರ್ಧ ಹೋಮ್‌ವರ್ಕ್ ತೆಗೆದ್ರು. ಹೀಗೆ ಹೇಳೋಕೆ ಆಗೋರ ಹತ್ರನೇ ಹೋಗಿ. ಡಿಗ್ರಿ ನೋಡ್ಲೇಬೇಕು ನಿಜ, ಆದ್ರೆ ಅವರಿಗೂ ನಮಗೂ ಹೊಂದಾಣಿಕೆ ಇಲ್ದಿದ್ರೆ ಥೆರಪಿ ಮುಂದಕ್ಕೆ ಹೋಗಲ್ಲ.

ಈಗ ತಿಂಗಳಿಗೊಂದೇ ಸೆಷನ್. ಕಮ್ಮಿ ಮಾಡೋ ಮುಂಚೆ ಕೂತು, ಡಿಪ್ರೆಶನ್ ವಾಪಸ್ ಬರ್ತಿದೆ ಅನ್ನೋ ಸೂಚನೆಗಳ ಒಂದು ಲಿಸ್ಟ್ ಬರೆಸಿದ್ರು: ಬೆಳಗಿನ ಜಾವ ಎಚ್ಚರ ಆಗಿ ಮತ್ತೆ ನಿದ್ದೆ ಬರದೇ ಇರೋದು, ಮೆಸೇಜಿಗೆ ಉತ್ತರ ಕೊಡದೇ ಇರೋದು, ಸ್ನಾನ ಮುಂದಕ್ಕೆ ಹಾಕೋದು. ಇವು ಒಟ್ಟಿಗೆ ಕಾಣಿಸಿಕೊಂಡ್ರೆ ಮುಂದಿನ ತಿಂಗಳಿಗೆ ಕಾಯದೇ ಫೋನ್ ಮಾಡ್ಬೇಕು. ನಿಮ್ಮ ಥೆರಪಿಸ್ಟ್ ಇದನ್ನ ಮಾಡಿಸದೇ ಇದ್ರೆ ನೀವೇ ಕೇಳಿ ಬರೆಸ್ಕೊಳ್ಳಿ.